ಮಳೆಗಾಲದ ಗೌಜಲಕ್ಕಿ ಮರಿ: ಪೆಟ್ಟಿಗೆಯೊಳಗೊಂದು ಹವೆ, ಹೊರಗೊಂದು ಹವೆ

ಆರಿದ್ರಾ ಮಳೆ ಹಿಡಿದ ಮೇಲೆ ಮಲೆನಾಡಿನಲ್ಲಿ ಇನ್‌ಕ್ಯುಬೇಟರ್ ಓಡಿಸುವವರದು ಸಾಮಾನ್ಯವಾಗಿ ಒಂದೇ ಲೆಕ್ಕ. ಗೋಡೆ ಬೆವರುತ್ತಿದೆ, ಉಪ್ಪಿನ ಭರಣಿಯಲ್ಲಿ ನೀರು ನಿಂತಿದೆ, ಪುಸ್ತಕದ ರಟ್ಟಿಗೆ ಬೂಸ್ಟು ಬಂದಿದೆ. ಇಂಥ ಹವೆಯಲ್ಲಿ ಮೊಟ್ಟೆಪೆಟ್ಟಿಗೆಗೆ ಬೇರೆ ನೀರಿಡಬೇಕೆ? ಈ ಲೆಕ್ಕ ಅರ್ಧ ಸರಿ. ಗೌಜಲಕ್ಕಿ ಮೊಟ್ಟೆಯ ಹದಿನೇಳು ದಿನದ ಕಾವಿನಲ್ಲಿ ಮೊದಲ ಹದಿನಾಲ್ಕು ದಿನಕ್ಕೆ ಬಹುಮಟ್ಟಿಗೆ ಸರಿ, ಕೊನೆಯ ಮೂರು ದಿನಕ್ಕೆ ಪೂರಾ ತಪ್ಪು. ಮರಿ ಹೊರಬಂದ ಮೇಲಂತೂ ಅದೇ ಮಳೆ ಬೇರೆ ಅವತಾರ ತಾಳುತ್ತದೆ. ಪೆಟ್ಟಿಗೆಯೊಳಗೆ ಏನೂ ಮಾಡಲಾಗದ ಥಂಡಿ, ಹುಟ್ಟಿದ ಮರಿಗಳನ್ನು ಬೆಚ್ಚಗಿಟ್ಟು ಸಾಕುವ ಬ್ರೂಡರಿನ ಹಾಸಿನೊಳಕ್ಕೆ ಇಳಿದು ಮರಿಗಳನ್ನು ಒಂದೊಂದಾಗಿ ಮುಗಿಸುತ್ತದೆ. ಬಯಲುಸೀಮೆಯ ಹವೆಗೆ ಬರೆದ ಸೂಚನೆಗಳನ್ನು ಹೊಸನಗರ, ತೀರ್ಥಹಳ್ಳಿ ಕಡೆಯ ಮನೆಗೆ ಹಾಗೇ ತಂದು ಪಾಲಿಸುವವರು ಎಡವುವುದು ಈ ಎರಡು ಕಡೆಯಲ್ಲೇ.

ಗಾಳಿ ಬಿಸಿಯಾದಷ್ಟೂ ಅದು ಹೊರಬಲ್ಲ ಆವಿಯ ಪ್ರಮಾಣ ಹೆಚ್ಚುತ್ತದೆ. ಪುನರ್ವಸು ಮಳೆಯ ದಿನ ಹೊರಗೆ 22 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇ 95 ಎಂದುಕೊಳ್ಳಿ. ಅದೇ ಗಾಳಿ ಪೆಟ್ಟಿಗೆಯೊಳಗೆ ಹೋಗಿ 37.5 ಡಿಗ್ರಿಗೆ ಕಾದರೆ ಅದರ ತೇವಾಂಶ ಶೇ 39ಕ್ಕೆ ಇಳಿಯುತ್ತದೆ. ಜನವರಿಯ ಬೆಳಗಿನ ಜಾವ 15 ಡಿಗ್ರಿ, ಶೇ 80 ಇರುವ ಗಾಳಿ ಪೆಟ್ಟಿಗೆಯಲ್ಲಿ ಶೇ 21 ಆಗುತ್ತದೆ. ಏಪ್ರಿಲ್ ಮಧ್ಯಾಹ್ನದ 34 ಡಿಗ್ರಿ, ಶೇ 40ರ ಗಾಳಿ ಶೇ 33 ಆಗುತ್ತದೆ. ಮೊಟ್ಟೆಗಳೇ ಬಿಡುವ ಆವಿ ಸೇರಿ ಈ ಅಂಕಿಗಳು ಸ್ವಲ್ಪ ಮೇಲೇರಬಹುದು, ಅಷ್ಟೆ. ಆಗುಂಬೆಯಲ್ಲಿ ಎಷ್ಟೇ ಸುರಿಯಲಿ, ನೀರಿಡದ ಪೆಟ್ಟಿಗೆಯಲ್ಲಿ ಶೇ 70 ಬರುವುದಿಲ್ಲ. ಚಳಿಗಾಲದ ಒಣ ದಿನಕ್ಕೂ ಜಡಿಮಳೆಯ ದಿನಕ್ಕೂ ಪೆಟ್ಟಿಗೆಯೊಳಗೆ ಹೆಚ್ಚುಕಡಿಮೆ ಒಂದಕ್ಕೆರಡು ಫರಕು ಇರುವುದಂತೂ ನಿಜ. ಹಾಗಾಗಿ 'ದಿನಾ ಇಷ್ಟು ನೀರು ಹಾಕಿ' ಎಂಬ ಸೂತ್ರ ವರ್ಷವಿಡೀ ನಡೆಯದು.

ಇಲ್ಲಿ ಗೌಜಲಕ್ಕಿ ಎಂದರೆ ಫಾರಂಗಳಲ್ಲಿ ಸಾಕುವ ಜಪಾನೀಸ್ ಕ್ವೇಲ್, 1974ರಲ್ಲಿ ಭಾರತಕ್ಕೆ ತರಿಸಿಕೊಂಡ ತಳಿ. ಗದ್ದೆ ಬದುವಿನಲ್ಲಿ, ಹುಲ್ಲುಬ್ಯಾಣದಲ್ಲಿ ಬುರ್ರೆಂದು ಏಳುವ ಕಾಡು ಗೌಜಲಕ್ಕಿಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಅದರ ಗೂಡಿನ ಮೊಟ್ಟೆ ತಂದು ಮರಿ ಮಾಡುವ ಯೋಚನೆಯೇ ಬೇಡ.

ಈ ಸಾಕು ಹಕ್ಕಿಗೆ ಕಾವು ಕೂರುವ ಗುಣ ಹೆಚ್ಚುಕಡಿಮೆ ಹೋಗಿಬಿಟ್ಟಿದೆ. ಇಟ್ಟ ಮೊಟ್ಟೆಯನ್ನು ಅಲ್ಲೇ ಬಿಟ್ಟು ನಡೆಯುತ್ತದೆ. ನಾಟಿಕೋಳಿಯ ಅಡಿಗಿಟ್ಟು ಮರಿ ಮಾಡಿಸುವವರಿದ್ದಾರೆ. ಕೋಳಿ 17 ದಿನವೋ 21 ದಿನವೋ ಎಂದು ಲೆಕ್ಕ ಇಡುವುದಿಲ್ಲ, ಮರಿಯೂ ಆಗುತ್ತದೆ. ಆದರೆ ಹತ್ತು ಹನ್ನೆರಡು ಗ್ರಾಂ ತೂಗುವ, ತೆಳು ಚಿಪ್ಪಿನ ಮೊಟ್ಟೆ ಎರಡು ಕೆಜಿ ಕೋಳಿಯ ಕಾಲಿಗೆ ಸಿಕ್ಕಿ ಒಡೆಯುವುದೇ ಹೆಚ್ಚು. ಗಿಡ್ಡ ಜಾತಿಯ ಹಗುರ ಕೋಳಿ ಇದ್ದರೆ ಮಾತ್ರ ಆ ದಾರಿ ಹಿಡಿಯಬಹುದು.

ಮೊಟ್ಟೆ ಎಲ್ಲಿಂದ ಬಂತು ಎಂಬುದರಲ್ಲೇ ಅರ್ಧ ಫಲಿತಾಂಶ ಇರುತ್ತದೆ. ಅಂಗಡಿಯ ಡಬ್ಬಿಯಲ್ಲಿ ಸಿಗುವ ಮೊಟ್ಟೆಗಳು ತಿನ್ನಲಿಕ್ಕೆಂದೇ ಇಟ್ಟವು. ಅಂಥ ಫಾರಂಗಳಲ್ಲಿ ಹೆಚ್ಚಾಗಿ ಗಂಡು ಇರುವುದಿಲ್ಲ, ಮೊಟ್ಟೆ ಫ್ರಿಜ್ಜಿನಲ್ಲೂ ಇದ್ದು ಬಂದಿರುತ್ತದೆ. ಒಂದು ಗಂಡಿಗೆ ಎರಡು ಮೂರು ಹೆಣ್ಣು ಇರುವ, ಎರಡೂವರೆ ತಿಂಗಳಿಂದ ಐದು ತಿಂಗಳ ಪ್ರಾಯದ ಹಕ್ಕಿಗಳ ಮೊಟ್ಟೆ ಉತ್ತಮ. ಗೌಜಲಕ್ಕಿಗೆ ಒಳಸಂಬಂಧ ಒಗ್ಗುವುದೇ ಇಲ್ಲ. ಒಡಹುಟ್ಟಿದವನ್ನೇ ಕೂಡಿಸುತ್ತ ಹೋದರೆ ಎರಡು ಮೂರು ತಲೆಮಾರಿನಲ್ಲೇ ಮೊಟ್ಟೆ ಮರಿ ಕಟ್ಟದೆ ಬೊಳ್ಳಾಗುವುದು, ಮರಿ ಒಳಗೇ ಸಾಯುವುದು ಶುರುವಾಗುತ್ತದೆ. ಕೋಳಿಯಲ್ಲಿ ಈ ಪೆಟ್ಟು ಇಷ್ಟು ಬೇಗ ಕಾಣುವುದಿಲ್ಲ. ಅದೇ ಅನುಭವದ ಮೇಲೆ ಗೌಜಲಕ್ಕಿ ಸಾಕುವವರು 'ಮೊದಲ ಸಲ ಚೆನ್ನಾಗಿ ಮರಿಯಾಯಿತು, ಈಗ ಆಗುತ್ತಿಲ್ಲ' ಎಂದು ಇನ್‌ಕ್ಯುಬೇಟರನ್ನು ಬಿಚ್ಚಿ ಜೋಡಿಸುತ್ತ ಕೂರುತ್ತಾರೆ.

ಮೊಟ್ಟೆಯನ್ನು ತೊಳೆಯಬಾರದು. ಹಿಕ್ಕೆ ಮೆತ್ತಿದ್ದನ್ನು ಆರಿಸಿ ತೆಗೆಯಿರಿ, ಸಣ್ಣ ಕಲೆಯಿದ್ದರೆ ಒಣಬಟ್ಟೆಯಲ್ಲಿ ಒರೆಸಿದರೆ ಸಾಕು. ಚೂಪು ತುದಿ ಕೆಳಗೆ ಮಾಡಿ 15ರಿಂದ 18 ಡಿಗ್ರಿಯ ಜಾಗದಲ್ಲಿ ಏಳು ದಿನದವರೆಗೆ ಕೂಡಿಡಬಹುದು. ಅಲ್ಲಿಂದ ಮುಂದೆ ಪ್ರತಿ ದಿನವೂ ಮರಿಯಾಗುವ ಪ್ರಮಾಣ ಇಳಿಯುತ್ತದೆ. ಮಲೆನಾಡಿನ ಹಳೇ ಮನೆಯ ನಡುಮನೆ ಮೂಲೆ ಬೇಸಿಗೆ ಬಿಟ್ಟು ಉಳಿದ ಕಾಲದಲ್ಲಿ ಅಷ್ಟಕ್ಕೆ ಇಳಿಯದಿದ್ದರೂ ಕೆಲವು ದಿನ ಕೂಡಿಡುವಷ್ಟು ತಂಪಾಗಿರುತ್ತದೆ, ಫ್ರಿಜ್ಜು ಬೇಕಿಲ್ಲ. ಘಾಟಿ ರಸ್ತೆಯಲ್ಲಿ ಬಸ್ಸಿನಲ್ಲಿ ಬಂದ ಮೊಟ್ಟೆಯನ್ನು ಇಳಿಸಿದ ಕೂಡಲೇ ಕಾವಿಗೆ ಇಡಬೇಡಿ. ಅಲುಗಾಟಕ್ಕೆ ಒಳಗಿನ ಗಾಳಿಗೂಡು ಕದಲಿರುತ್ತದೆ. ಚೂಪು ತುದಿ ಕೆಳಗಾಗಿ ಒಂದು ರಾತ್ರಿ ಕದಲಿಸದೆ ಬಿಟ್ಟು ಮಾರನೇ ದಿನ ಇಡುವುದು ಕ್ಷೇಮ.

ಪೆಟ್ಟಿಗೆಯನ್ನು ಕೊಂಡರೂ ಆದೀತು, ಕಟ್ಟಿದರೂ ಆದೀತು. ಕರಾವಳಿಯಿಂದ ಮೀನು ಬರುವ ಥರ್ಮೊಕೋಲ್ ಪೆಟ್ಟಿಗೆ ಸೋಪುನೀರಲ್ಲಿ ಚೆನ್ನಾಗಿ ತೊಳೆದು ಒಣಗಿಸಿದರೆ ಐವತ್ತು ಮೊಟ್ಟೆಗೆ ಸಾಕು. ಪ್ಲೈವುಡ್ಡಿನದು ನೋಡಲು ಗಟ್ಟಿ, ಆದರೆ ಮಳೆಗಾಲದಲ್ಲಿ ಬಾಗಿಲು ಉಬ್ಬಿ ಸಂದು ಬಿಡುತ್ತದೆ. ಒಳಗೆ 40 ವ್ಯಾಟಿನ ಎರಡು ಫಿಲಮೆಂಟ್ ಬಲ್ಬು ಹಾಕಿ. ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆ, ಕಾವು ಕೊಡುವುದಿಲ್ಲ. ಒಂದು ಸುಟ್ಟರೆ ಇನ್ನೊಂದು ನಡೆಸಲಿ ಎಂದೇ ಎರಡು. ಕಂಪ್ಯೂಟರಿನ 12 ವೋಲ್ಟ್ ಫ್ಯಾನು ಗಾಳಿಯನ್ನು ತಿರುಗಿಸುತ್ತಿರಬೇಕು, ಆದರೆ ನೇರ ಮೊಟ್ಟೆಯ ಮೇಲೆ ಊದಬಾರದು. ಹೆಬ್ಬೆರಳು ಹೋಗುವಷ್ಟು ಅಗಲದ ಎರಡು ತೂತು ಕೆಳಗೆ, ಎರಡು ಮೇಲೆ ಕೊರೆಯಿರಿ. ಫ್ಯಾನಿರುವ ಪೆಟ್ಟಿಗೆಗೆ 37.5 ಡಿಗ್ರಿ. ಫ್ಯಾನಿಲ್ಲದಿದ್ದರೆ ಮೇಲೆ ಬಿಸಿ, ಕೆಳಗೆ ತಂಪು ಎಂದು ಪದರ ಕಟ್ಟುವುದರಿಂದ ಮೊಟ್ಟೆಯ ನೆತ್ತಿಯ ಮಟ್ಟದಲ್ಲಿ 38.5ರ ಸುತ್ತ ಇರಬೇಕು.

ಕಾವು ನೋಡಿ ಬಲ್ಬನ್ನು ತಾನೇ ಹಚ್ಚಿ ಆರಿಸುವುದು ಥರ್ಮೋಸ್ಟ್ಯಾಟು. ಅಗ್ಗದವುಗಳಲ್ಲಿ ಹೆಚ್ಚು ಓಡುವುದು ಡಬ್ಲ್ಯೂ 1209 ಎಂಬ ಸಣ್ಣ ಸರ್ಕ್ಯೂಟ್ ಹಲಗೆ. ಅದು ಕೈಗೆ ಬಂದಾಗ ಪಿ1 ಎಂಬ ಸೆಟ್ಟಿಂಗು 2 ಡಿಗ್ರಿಯಲ್ಲಿರುತ್ತದೆ. ಅಂದರೆ 37.5ಕ್ಕೆ ಬಲ್ಬು ಆರಿಸಿ 35.5ಕ್ಕೆ ಇಳಿದ ಮೇಲೆಯೇ ಮತ್ತೆ ಹಚ್ಚುತ್ತದೆ. ಇದನ್ನು ಬದಲಿಸದೆ ಮೊಟ್ಟೆ ಇಟ್ಟವರ ಮರಿ ತಡವಾಗಿ, ಸೊರಗಿ ಬರುವುದರಲ್ಲಿ ಆಶ್ಚರ್ಯವಿಲ್ಲ. ಪಿ1ನ್ನು 0.2ಕ್ಕೆ ಇಳಿಸಿ. ಸೆನ್ಸರು ತೋರಿಸುವ ಅಂಕಿ ನಿಜವೇ ಎಂದು ನೋಡಲು ಮನೆಯಲ್ಲಿ ಜ್ವರ ಅಳೆಯುವ ಡಿಜಿಟಲ್ ಥರ್ಮಾಮೀಟರ್ ಸಾಕು. ಒಂದು ಲೋಟದಲ್ಲಿ 37-38 ಡಿಗ್ರಿಯ ಉಗುರುಬೆಚ್ಚಗಿನ ನೀರಿಟ್ಟು ಎರಡನ್ನೂ ಒಟ್ಟಿಗೆ ಅದ್ದಿ ಹೋಲಿಸಿ. ವ್ಯತ್ಯಾಸ ಇದ್ದಷ್ಟನ್ನು ಪಿ4 ಎಂಬ ಸೆಟ್ಟಿಂಗಿನಲ್ಲಿ ಸರಿಪಡಿಸಬಹುದು.

ಈ ಹಲಗೆಗಳ ದೊಡ್ಡ ರೋಗವೆಂದರೆ ಬಲ್ಬಿಗೆ ಕರೆಂಟು ಕೊಟ್ಟು ಕಡಿಯುವ ಸ್ವಿಚ್ಚು, ಅಂದರೆ ರಿಲೇ, ಅಂಟಿಕೊಳ್ಳುವುದು. ದಿನಕ್ಕೆ ನೂರಾರು ಸಲ ಹೊತ್ತಿ ಆರಿ ಅದರೊಳಗಿನ ಲೋಹದ ತುದಿಗಳು ಒಂದಕ್ಕೊಂದು ಬೆಸೆದುಕೊಂಡರೆ ಬಲ್ಬು ಆರುವುದೇ ಇಲ್ಲ; ಬೆಳಗಾಗುವಾಗ ಒಳಗೆ 45 ಡಿಗ್ರಿ. ಮೊಟ್ಟೆಯೊಳಗಿನ ಭ್ರೂಣ ತಂಪನ್ನು ತಡೆದಷ್ಟು ಕಾವನ್ನು ತಡೆಯುವುದಿಲ್ಲ. ಕೆಲವು ಗಂಟೆ 25 ಡಿಗ್ರಿಗೆ ಇಳಿದರೆ ಮರಿ ಅರ್ಧ ದಿನ ತಡವಾಗಬಹುದು, ಕೆಲವು ಗಂಟೆ 41 ದಾಟಿದರೆ ಎಲ್ಲವೂ ಮುಗಿದಂತೆ. ಹಾಗಾಗಿ ಇನ್ನೊಂದು ಥರ್ಮೋಸ್ಟ್ಯಾಟನ್ನು 38.5ಕ್ಕೆ ಹೊಂದಿಸಿ ಮೊದಲಿನದರ ಜೊತೆ ಸರಣಿಯಲ್ಲಿ ಜೋಡಿಸಿ. ಒಂದು ಕೈಕೊಟ್ಟರೆ ಇನ್ನೊಂದು ತುಂಡರಿಸುತ್ತದೆ. ಈ ಒಂದು ಖರ್ಚಿನಲ್ಲಿ ಜಿಪುಣತನ ಮಾಡುವುದು ನನ್ನ ಲೆಕ್ಕದಲ್ಲಿ ದಡ್ಡತನ. ಮೇ ತಿಂಗಳ ಗುಡುಗು ಸಿಡಿಲಿನ ಕಾಲದಲ್ಲಿ 12 ವೋಲ್ಟಿನ ಅಡಾಪ್ಟರ್ ಸುಡುವುದು ಮಾಮೂಲು, ಬದಲಿ ಒಂದು ಕೈಗೆ ಸಿಗುವಂತಿರಲಿ.

ಹಳ್ಳಿಯ ಲೈನಿನಲ್ಲಿ ವೋಲ್ಟೇಜು ಬೀಳುವುದೂ ಗಮನದಲ್ಲಿರಲಿ. 230 ವೋಲ್ಟಿಗೆ ಮಾಡಿದ 40 ವ್ಯಾಟ್ ಬಲ್ಬು 170 ವೋಲ್ಟಿನಲ್ಲಿ ಸುಮಾರು 25 ವ್ಯಾಟಿನ ಕೆಲಸವನ್ನಷ್ಟೇ ಮಾಡುತ್ತದೆ. ಬಲ್ಬು ಸದಾ ಉರಿಯುತ್ತಿದ್ದೂ 37 ಮುಟ್ಟುತ್ತಿಲ್ಲ ಎಂದರೆ ಥರ್ಮೋಸ್ಟ್ಯಾಟನ್ನು ಬೈಯುವ ಮೊದಲು ಲೈನು ನೋಡಿ.

ಪೆಟ್ಟಿಗೆ ಇಡುವ ಜಾಗ ಮನೆಯ ಒಳಗಿನ ಕೋಣೆಯಾಗಿರಲಿ. ಬಚ್ಚಲೊಲೆಯ ಹತ್ತಿರ ಬೆಚ್ಚಗಿರುತ್ತದೆಂದು ಅಲ್ಲಿಟ್ಟರೆ ಹೊಗೆ ಒಳಗೆ ಹೋಗುತ್ತದೆ. ಒಲೆ ಹಚ್ಚಿದಾಗೊಂದು ಕಾವು, ಆರಿಸಿದಾಗೊಂದು ಕಾವು. ಹೊಗೆಯಟ್ಟದ ಕಥೆಯೂ ಅದೇ. ಇನ್ನೊಂದು ಶತ್ರು ಇರುವೆ. ಚಿಪ್ಪಿಗೆ ತೂತು ಬಿದ್ದ ವಾಸನೆ ಹಿಡಿದು ಕೆಂಪಿರುವೆ ಸಾಲುಗಟ್ಟಿದರೆ ಮರಿ ಹೊರಬರುವ ಮುಂಚೆಯೇ ಸತ್ತಿರುತ್ತದೆ. ಮೇಜಿನ ನಾಲ್ಕು ಕಾಲಿಗೂ ನೀರಿನ ಬಟ್ಟಲಿಡಿ, ವಯರು ಗೋಡೆಯಿಂದ ಪೆಟ್ಟಿಗೆಗೆ ಸೇತುವೆಯಾಗದಂತೆ ನೋಡಿಕೊಳ್ಳಿ. ಬಟ್ಟಲಿಟ್ಟೂ ಇರುವೆ ಹತ್ತಿತು ಎನ್ನುವವರ ಮನೆಯಲ್ಲಿ ದಾರಿ ಆ ವಯರೇ.

ಈಗ ತೂಕ. ಮೊಟ್ಟೆ ಕಾವಿನಲ್ಲಿರುವಾಗ ಚಿಪ್ಪಿನ ಸೂಕ್ಷ್ಮ ರಂಧ್ರಗಳಿಂದ ನೀರು ಆವಿಯಾಗಿ ಹೋಗುತ್ತಲೇ ಇರಬೇಕು. ಹೋದ ನೀರಿನ ಜಾಗಕ್ಕೆ ಗಾಳಿಗೂಡು ದೊಡ್ಡದಾಗುತ್ತದೆ, ಮರಿ ಮೊದಲ ಉಸಿರು ತೆಗೆಯುವುದು ಆ ಗಾಳಿಯಲ್ಲೇ. ಹದಿನಾಲ್ಕನೇ ದಿನದ ಹೊತ್ತಿಗೆ ಮೊದಲಿನ ತೂಕದ ಶೇ 11ರಿಂದ 12 ಇಳಿದಿದ್ದರೆ ಹದವಾಗಿದೆ. ಕಡಿಮೆ ಇಳಿದರೆ ಮರಿ ಒಳಗೆ ಉಬ್ಬಿ, ತಿರುಗಲು ಜಾಗವಿಲ್ಲದೆ, ಚಿಪ್ಪಿಗೆ ತೂತು ಕೊರೆಯುವ ಮೊದಲೇ ಅಂಟುನೀರಿನಲ್ಲಿ ಮುಳುಗಿ ಸಾಯುತ್ತದೆ. ಜಾಸ್ತಿ ಇಳಿದರೆ ಮರಿ ಸಣಕಲು, ಒಳಪೊರೆ ಚರ್ಮದಂತೆ ಗಡುಸು.

ಇದನ್ನು ತಿಳಿಯಲು ತೇವಾಂಶದ ಮೀಟರಿಗಿಂತ ಅಡುಗೆಮನೆಯ ಡಿಜಿಟಲ್ ತಕ್ಕಡಿಯೇ ನಂಬಿಕಸ್ಥ. ಇಡುವ ದಿನ ಖಾಲಿ ಟ್ರೇಯನ್ನೂ ಮೊಟ್ಟೆ ತುಂಬಿದ ಟ್ರೇಯನ್ನೂ ತೂಗಿ, ಮೊಟ್ಟೆಗಳ ತೂಕವನ್ನು ಟ್ರೇಯ ಅಂಚಿನಲ್ಲೇ ಬರೆಯಿರಿ. ಐವತ್ತು ಮೊಟ್ಟೆ 550 ಗ್ರಾಂ ಇದ್ದವು ಎನ್ನಿ. ಹದಿನಾಲ್ಕನೇ ದಿನಕ್ಕೆ 60ರಿಂದ 66 ಗ್ರಾಂ, ಏಳನೇ ದಿನಕ್ಕೆ ಅದರ ಅರ್ಧ, 30ರಿಂದ 33 ಗ್ರಾಂ ಹೋಗಿರಬೇಕು. ಏಳನೇ ದಿನ 22 ಗ್ರಾಂ ಮಾತ್ರ ಇಳಿದಿದ್ದರೆ ನೀರಿನ ತಟ್ಟೆ ತೆಗೆಯಿರಿ, ಗಾಳಿತೂತು ಪೂರಾ ಬಿಡಿ. 42 ಗ್ರಾಂ ಇಳಿದಿದ್ದರೆ ತಟ್ಟೆ ದೊಡ್ಡದು ಮಾಡಿ. ನೀರಿನ ಆಳದಿಂದ ಏನೂ ಆಗದು, ಮೇಲ್ಮೈ ಅಗಲವೇ ಮುಖ್ಯ. ಜುಲೈನಲ್ಲಿ ನೀರೇ ಇಡದೆಯೂ ಈ ಲೆಕ್ಕ ಬಹುಮಟ್ಟಿಗೆ ಕೂಡಿಬರುತ್ತದೆ. ಜನವರಿಯಿಂದ ಏಪ್ರಿಲ್‌ವರೆಗೆ ಬರುವುದಿಲ್ಲ. ಮೀಟರಿನಲ್ಲಿ ನೋಡುವುದಾದರೆ ಮೊದಲ ಹದಿನಾಲ್ಕು ದಿನ ಶೇ 45ರಿಂದ 55 ಇರಲಿ.

ಮೀಟರ್ ಬೇಕೇಬೇಕು ಎಂದರೆ ಮೊದಲು ಅದನ್ನು ಪರೀಕ್ಷಿಸಿ. ಒಂದು ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಒದ್ದೆ ಮರಳಿನಷ್ಟು ಹದಕ್ಕೆ ನಾಲ್ಕು ಹನಿ ನೀರು ಬಿಟ್ಟು, ಮೀಟರಿನ ಜೊತೆ ಜಿಪ್ ಕವರಿನಲ್ಲಿ ಗಾಳಿಯಾಡದಂತೆ ಮುಚ್ಚಿ ಒಂದು ರಾತ್ರಿ ಬಿಡಿ. ಒಳಗಿನ ತೇವಾಂಶ ಶೇ 75ಕ್ಕೆ ಬಂದು ನಿಲ್ಲುತ್ತದೆ. ಮೀಟರ್ 68 ತೋರಿಸಿದರೆ ಅದು 7 ಕಡಿಮೆ ಹೇಳುತ್ತದೆ ಎಂದರ್ಥ. ಮಲೆನಾಡಿನಲ್ಲಿ ಒದ್ದೆ ಉಪ್ಪಿಗಂತೂ ಬರವಿಲ್ಲ.

ಮೊಟ್ಟೆಯನ್ನು ಹೊರಳಿಸುವುದು ಭ್ರೂಣ ಒಳಪೊರೆಗೆ ಅಂಟದಿರಲಿ ಎಂದು. ಮೋಟಾರಿನ ಟರ್ನರ್ ಇದ್ದರೆ ಗೌಜಲಕ್ಕಿ ಮೊಟ್ಟೆಯ ಅಳತೆಯ ಟ್ರೇ ಹಾಕಿಸಿ. ಕೋಳಿಮೊಟ್ಟೆಯ ಬಟ್ಟಲಲ್ಲಿ ಅದು ಅಡ್ಡ ಬಿದ್ದು ಚೂಪು ತುದಿ ಮೇಲಾಗುತ್ತದೆ, ಹಾಗೆ ಬೆಳೆದ ಮರಿಯ ತಲೆ ಗಾಳಿಗೂಡಿನ ಕಡೆ ಇರದೆ ಉಸಿರಿಗೆ ದಾರಿ ಸಿಗುವುದಿಲ್ಲ. ಟರ್ನರ್ ಇಲ್ಲದವರು ಒಂದೊಂದೇ ಮೊಟ್ಟೆ ಮುಟ್ಟುತ್ತ ಕೂರಬೇಕಿಲ್ಲ. ಟ್ರೇಯ ಒಂದು ಬದಿಗೆ ಮರದ ತುಂಡು ಕೊಟ್ಟು ಓರೆ ಮಾಡಿ, ಮುಂದಿನ ಸಲ ಇನ್ನೊಂದು ಬದಿಗೆ ಕೊಟ್ಟರಾಯಿತು. ದಿನಕ್ಕೆ ಮೂರು ಅಥವಾ ಐದು ಸಲ, ಅಂದರೆ ಬೆಸ ಸಂಖ್ಯೆಯಲ್ಲಿ. ಆಗ ಇಡೀ ರಾತ್ರಿ ಒಂದೇ ಓರೆಯಲ್ಲಿ ಕಳೆಯುವ ಬದಿ ದಿನದಿನಕ್ಕೂ ಬದಲಾಗುತ್ತದೆ.

ಬೆಳಕಿಗೆ ಹಿಡಿದು ನೋಡುವ ಕೆಲಸ ಗೌಜಲಕ್ಕಿಯಲ್ಲಿ ಅಷ್ಟೇನೂ ಫಲ ಕೊಡುವುದಿಲ್ಲ. ಕಂದು ಕಪ್ಪು ಮಚ್ಚೆಗಳ ಚಿಪ್ಪಿನೊಳಗೆ ಏಳನೇ ದಿನ ರಕ್ತನಾಳ ಹುಡುಕುವುದು ಕಣ್ಣಿಗೆ ಶಿಕ್ಷೆ. ಹತ್ತು ದಿನ ಕಳೆದ ಮೇಲೆ ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚಿಗೆ ಹಿಡಿದರೆ ತುಂಬಿದ್ದು ಕಪ್ಪಗೆ, ಬೊಳ್ಳು ಹಳದಿಯಾಗಿ ಕಾಣುತ್ತದೆ. ಕುತೂಹಲಕ್ಕೆ ನಾಲ್ಕು ನೋಡಿ ಬಿಟ್ಟುಬಿಡಿ.

ಕರೆಂಟು ಹೋಗುವ ವಿಷಯ. ಮರ ಬಿದ್ದು ಲೈನು ಹರಿದರೆ ಒಳಗಿನ ಊರುಗಳಲ್ಲಿ ಇಡೀ ದಿನ ಕರೆಂಟಿಲ್ಲದಿರುವುದು ಮಳೆಗಾಲದಲ್ಲಿ ಹೊಸದಲ್ಲ. ಥರ್ಮೊಕೋಲ್ ಪೆಟ್ಟಿಗೆ ಬಿಸಿಯಾದ ಮೇಲೆ ಬಲ್ಬು ಹೊತ್ತಿರುವ ಸಮಯ ಅರ್ಧಕ್ಕೂ ಕಡಿಮೆ, ಸರಾಸರಿ 40 ವ್ಯಾಟಿನ ಹೊರೆ. ಮನೆಯ 150 ಆಂಪಿಯರ್-ಅವರ್ ಬ್ಯಾಟರಿ ಚೆನ್ನಾಗಿದ್ದು ಬೇರೇನನ್ನೂ ಹಚ್ಚದಿದ್ದರೆ ಹನ್ನೆರಡು ಗಂಟೆ ಧಾರಾಳ ಎಳೆಯುತ್ತದೆ. ಇನ್ವರ್ಟರ್ ಇಲ್ಲದವರು ಪೆಟ್ಟಿಗೆಗೆ ಕಂಬಳಿ ಹೊದಿಸಿ, ಬಿಸಿನೀರು ತುಂಬಿದ ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ಒಳಗಿಡಬಹುದು. ಮೊದಲ ಹತ್ತು ದಿನದೊಳಗಾದರೆ ಗಾಳಿತೂತನ್ನೂ ಮುಚ್ಚಬಹುದು, ಭ್ರೂಣಕ್ಕೆ ಬೇಕಾದ ಆಮ್ಲಜನಕ ಆಗ ತೀರ ಕಡಿಮೆ. ಕೊನೆಯ ವಾರದಲ್ಲಿ ಮುಚ್ಚಬೇಡಿ. ಆಗ ಮೊಟ್ಟೆಗಳು ತಾವೇ ಕಾವು ಹುಟ್ಟಿಸುತ್ತವೆ; ಫ್ಯಾನು ನಿಂತ ಪೆಟ್ಟಿಗೆಯಲ್ಲಿ ತಂಪಿಗಿಂತ ಮೊದಲು ಉಸಿರು ಕಟ್ಟುತ್ತದೆ. ಗೌಜಲಕ್ಕಿ ಮೊಟ್ಟೆ ಸಣ್ಣದಾದ್ದರಿಂದ ಕೋಳಿಮೊಟ್ಟೆಗಿಂತ ಬೇಗ ತಣಿಯುತ್ತದೆ. ಕೋಳಿಮೊಟ್ಟೆಯಲ್ಲಿ ನಡೆದುಹೋದ ಧೈರ್ಯ ಇಲ್ಲಿ ನಡೆಯದು.

ಸೋಮವಾರ ಸಂಜೆ ಇಟ್ಟರೆ ಮಂಗಳವಾರ ಸಂಜೆಗೆ ಒಂದು ದಿನ. ಎರಡು ವಾರ ಕಳೆದ ಸೋಮವಾರ ಸಂಜೆಗೆ ಹದಿನಾಲ್ಕು. ಅವತ್ತು ಕೊನೆಯ ಸಲ ತೂಗಿ, ಹೊರಳಿಸುವುದು ನಿಲ್ಲಿಸಿ, ಮೊಟ್ಟೆಗಳನ್ನು ಅಡ್ಡ ಮಲಗಿಸಿ. ಗುರುವಾರ ಹದಿನೇಳನೇ ದಿನ, ಮರಿ ಅವತ್ತಿಗೆ. ಮಲಗಿಸುವ ತಳಕ್ಕೆ ನುಣುಪಾದ ಪ್ಲಾಸ್ಟಿಕ್ಕಾಗಲಿ ಪೇಪರಾಗಲಿ ಬೇಡ. ಮರಿ ಎದ್ದುನಿಲ್ಲುವ ಮೊದಲ ಗಂಟೆಗಳಲ್ಲಿ ಕಾಲು ಜಾರಿದರೆ ತೊಡೆ ಎರಡು ಕಡೆಗೆ ಚಾಚಿ ಹಾಗೇ ನಿಂತುಬಿಡುತ್ತದೆ. ಡ್ರಾಯರಿಗೆ ಹಾಸುವ ರಬ್ಬರ್ ಜಾಲರಿ ಒಳ್ಳೆಯದು. ಗೋಣಿಚೀಲದ ಎಳೆ ಕಾಲಿಗೆ ಸುತ್ತಿಕೊಳ್ಳುತ್ತದೆ.

ಮೊದಲು ಹೇಳಿದ ಲೆಕ್ಕ ಪೂರಾ ತಪ್ಪುವುದು ಈ ಮೂರು ದಿನಗಳಲ್ಲಿ. ಈಗ ತೇವಾಂಶ ಶೇ 65ರಿಂದ 75 ಬೇಕು, ಹೊರಗಿನ ಮಳೆ ಕೊಡುವುದು ಶೇ 40 ಮಾತ್ರ. ಮರಿ ಚಿಪ್ಪಿಗೆ ತೂತು ಮಾಡಿದ ಕ್ಷಣದಿಂದ ಒಳಪೊರೆಗೆ ಒಣಗಾಳಿ ತಾಗಿದರೆ ಅದು ಮರಿಯ ಮೈಗೆ ಬಿಗಿದು ಅಂಟುತ್ತದೆ, ಮರಿ ಒಳಗೆ ತಿರುಗಿ ಚಿಪ್ಪನ್ನು ಸುತ್ತ ಕತ್ತರಿಸಲು ಆಗುವುದಿಲ್ಲ. ಅಗಲ ತಟ್ಟೆಯಲ್ಲಿ ಬಿಸಿನೀರಿಟ್ಟು, ಅದರಲ್ಲಿ ಒಂದು ಸ್ಪಂಜು ನಿಲ್ಲಿಸಿ. ಮೇಲೆ ಜಾಲರಿ ಮುಚ್ಚದಿದ್ದರೆ ಮರಿ ಅದರಲ್ಲೇ ಬಿದ್ದು ಸಾಯುತ್ತದೆ. ತೇವಾಂಶ ಏರಲೆಂದು ಗಾಳಿತೂತು ಮುಚ್ಚುವುದು ಮಾತ್ರ ಬೇಡ. ತೂತೆಲ್ಲ ತೆರೆದು, ನೀರಿನ ಅಗಲ ಹೆಚ್ಚಿಸಿಯೇ ತೇವಾಂಶ ತರಬೇಕು.

ಮೊಟ್ಟೆಗಳು ಒಂದಕ್ಕೊಂದು ತಾಗಿಕೊಂಡಿರಲಿ. ಗೌಜಲಕ್ಕಿ ಮರಿಗಳು ಚಿಪ್ಪಿನೊಳಗಿಂದಲೇ ಟಕ್ ಟಕ್ ಸದ್ದು ಮಾಡುತ್ತವೆ. ಪಕ್ಕದ ಮೊಟ್ಟೆಯ ಸದ್ದಿಗೆ ಹಿಂದೆ ಬಿದ್ದವು ಚುರುಕಾಗುತ್ತವೆ, ಹೀಗೆ ಇಡೀ ಗುಂಪು ಕೆಲವೇ ಗಂಟೆಗಳೊಳಗೆ ಹೊರಬರುತ್ತದೆ. ತೂತು ಬಿದ್ದು ಆರೆಂಟು ಗಂಟೆಯಾದರೂ ಮರಿ ಬಂದಿಲ್ಲವೆಂದು ಚಿಪ್ಪು ಬಿಡಿಸಲು ಹೋಗಬೇಡಿ. ಒಳಗೆ ಹಳದಿ ಭಾಗ ಹೊಟ್ಟೆಗೆ ಸೇರುತ್ತಿರುತ್ತದೆ, ರಕ್ತ ಪೊರೆಯಿಂದ ಮೈಗೆ ಹಿಂದಿರುಗುತ್ತಿರುತ್ತದೆ. ಒಂದು ಮರಿಗೆ ಸಹಾಯ ಮಾಡಲು ಮುಚ್ಚಳ ತೆಗೆದರೆ ಉಳಿದ ಹತ್ತರ ಪೊರೆ ಒಣಗುತ್ತದೆ. ಬಂದ ಮರಿ ಒದ್ದೆಯಾಗಿ ಸೋತು ಬಿದ್ದಂತೆ ಕಂಡರೂ ಅಲ್ಲೇ ಇರಲಿ. ಹೊಟ್ಟೆಯಲ್ಲಿ ಹಳದಿ ಇರುವುದರಿಂದ ಒಂದು ದಿನ ಅನ್ನನೀರು ಬೇಕಿಲ್ಲ. ಮೈ ಒಣಗಿ ಉಬ್ಬಿದ ಮೇಲೆ ಎಲ್ಲವನ್ನೂ ಒಟ್ಟಿಗೆ ಬ್ರೂಡರಿಗೆ ಸಾಗಿಸಿ.

ಇಟ್ಟದ್ದರಲ್ಲಿ ನೂರಕ್ಕೆ 70 ಮರಿ ಬಂದರೆ ಒಳ್ಳೆಯ ಫಲಿತಾಂಶ. ಹತ್ತೊಂಬತ್ತನೇ ದಿನದ ಮೇಲೂ ಉಳಿದವನ್ನು ಎಸೆಯುವ ಮುಂಚೆ ಒಡೆದು ನೋಡಿ, ವಾಸನೆಗೆ ಹೆದರಿ ಬಿಟ್ಟರೆ ಮುಂದಿನ ಸಲವೂ ಅದೇ ತಪ್ಪು. ಏನೂ ಬೆಳೆದಿಲ್ಲದಿದ್ದರೆ ಗಂಡಿನ ಕೊರತೆ ಅಥವಾ ಹಳೇ ಮೊಟ್ಟೆ. ರಕ್ತದ ಉಂಗುರ ಇದ್ದರೆ ಮೊದಲ ದಿನಗಳಲ್ಲೇ ಸತ್ತದ್ದು. ಕಾವಿನ ಏರುಪೇರು, ಸಾಗಾಟದ ಪೆಟ್ಟು, ಹೆಚ್ಚು ದಿನ ಕೂಡಿಟ್ಟದ್ದು ಇವುಗಳಲ್ಲಿ ಒಂದು. ಪೂರ್ಣ ಬೆಳೆದು, ತೂತು ಮಾಡದೆ, ಸುತ್ತ ಅಂಟುನೀರು ಇದ್ದರೆ ತೂಕ ಸಾಕಷ್ಟು ಇಳಿದಿರಲಿಲ್ಲ. ತೂತು ಮಾಡಿ ಪೊರೆ ಒಣಗಿ ಅಂಟಿದ್ದರೆ ಕೊನೆಯಲ್ಲಿ ತೇವ ಸಾಲಲಿಲ್ಲ ಅಥವಾ ಮುಚ್ಚಳ ತೆಗೆದಿದ್ದೀರಿ. ಹದಿನಾರನೇ ದಿನವೇ ಮರಿ ಬಂದು ಹೊಕ್ಕುಳು ಸರಿಯಾಗಿ ಮುಚ್ಚಿರದಿದ್ದರೆ ಕಾವು ಹೆಚ್ಚು, ಹದಿನೆಂಟು ದಾಟಿದರೆ ಕಡಿಮೆ.

ಇನ್ನು ಮಳೆ ನಿಜವಾಗಿ ಕಾಡುವ ಜಾಗ, ಬ್ರೂಡರ್. ಈಗ ಹುಟ್ಟಿದ ಹೂಮರಿ ತೂಗುವುದು ಏಳೆಂಟು ಗ್ರಾಂ. ಐವತ್ತು ಮರಿಗೆ ಮೊದಲ ವಾರ ಎರಡು ಅಡಿಗೆ ಎರಡೂವರೆ ಅಡಿಯ ಪೆಟ್ಟಿಗೆ ಸಾಕು, ಎರಡನೇ ವಾರದಿಂದ ಅದರ ಎರಡರಷ್ಟು ಜಾಗ ಬೇಕು. ಒಂದು ಬದಿಯಲ್ಲಿ 60 ವ್ಯಾಟಿನ ಎರಡು ಬಲ್ಬು ತೂಗುಬಿಟ್ಟು ಅದರಡಿ 36-37 ಡಿಗ್ರಿ, ದೂರದ ಮೂಲೆಯಲ್ಲಿ 28-30 ಇರುವಂತೆ ಮಾಡಿ. ಬಲ್ಬಿನ ಎತ್ತರ ಸರಿಯಿದೆಯೇ ಎಂದು ಮರಿಗಳೇ ತೋರಿಸುತ್ತವೆ: ಬಲ್ಬಿನಡಿ ಒಂದರ ಮೇಲೊಂದು ಪೇರಿಸಿಕೊಂಡರೆ ಚಳಿ, ದೂರದ ಗೋಡೆಗೆ ಒತ್ತಿ ಬಾಯಿ ತೆರೆದರೆ ಸೆಕೆ, ಹರಡಿಕೊಂಡು ಮೇಯುತ್ತಿದ್ದರೆ ಸರಿ. ವಾರಕ್ಕೆ 3 ಡಿಗ್ರಿಯಂತೆ ಇಳಿಸುತ್ತ ಹೋಗಿ. ಏಪ್ರಿಲಿನಲ್ಲಿ ಎರಡು ವಾರಕ್ಕೆ ಹಗಲು ಬಲ್ಬು ಆರಿಸಬಹುದು. ಪುಷ್ಯ ಮಳೆಯ 21 ಡಿಗ್ರಿಯಲ್ಲಿ ನಾಲ್ಕನೇ ವಾರದ ರಾತ್ರಿಗಳಿಗೂ ಕಾವು ಬೇಕು. ಕರೆಂಟು ಹೋದಾಗ ಮೊಟ್ಟೆಗೆ ಸಿಗುವ ಸಮಯ ಮರಿಗೆ ಸಿಗುವುದಿಲ್ಲ. ಒಂದು ಗಂಟೆ ಚಳಿಯಾದರೆ ರಾಶಿ ಬಿದ್ದು ಅಡಿಯವು ಉಸಿರುಗಟ್ಟುತ್ತವೆ. ಬಿಸಿನೀರ ಬಾಟಲಿ ಸಿದ್ಧವಿರಲಿ. ಮಳೆಗಾಲದ ಅಗ್ಗಿಷ್ಟಿಕೆಯ ಕೆಂಡವನ್ನು ಬಾಣಲೆಯಲ್ಲಿ ತಂದು ಮುಚ್ಚಿದ ಕೋಣೆಯಲ್ಲಿ ಮರಿಗಳ ಪಕ್ಕ ಇಡುವುದು ಮಾತ್ರ ಬೇಡವೇ ಬೇಡ. ಇಂಗಾಲದ ವಿಷಾನಿಲಕ್ಕೆ ಹಕ್ಕಿ ಮನುಷ್ಯನಿಗಿಂತ ಮೊದಲು ಬೀಳುತ್ತದೆ.

ಹಾಸಿನ ವಿಷಯದಲ್ಲಿ ಮಲೆನಾಡಿನವರಿಗೆ ಸುಲಭವಾಗಿ ಸಿಗುವ ವಸ್ತುಗಳೇ ಮೋಸ ಮಾಡುವುದು. ಅಡಿಕೆ ಸಿಪ್ಪೆ ನೋಡಲು ಮೆತ್ತಗೆ, ಆದರೆ ತೇವ ಹೀರಿ ಎರಡೇ ದಿನದಲ್ಲಿ ಬೂಸ್ಟು ಹಿಡಿಯುತ್ತದೆ. ದರಗೆಲೆಯ ಗತಿಯೂ ಅಷ್ಟೆ. ಸಾಮಿಲ್ಲಿನ ನುಣ್ಣನೆಯ ಮರದ ಹೊಟ್ಟನ್ನು ಮರಿ ಆಹಾರವೆಂದು ತಿಂದು ಹೊಟ್ಟೆ ಕಟ್ಟಿ ಸಾಯುತ್ತದೆ. ಬೂಸ್ಟಿನ ಬೀಜಕಣ ಉಸಿರಿಗೆ ಸೇರಿದರೆ ಬರುವುದು ಆಸ್ಪರ್ಜಿಲ್ಲೋಸಿಸ್ ಎಂಬ ಶ್ವಾಸಕೋಶದ ರೋಗ. ಮರಿ ಬಾಯಿ ತೆರೆದು, ಕತ್ತು ಚಾಚಿ ಉಸಿರೆಳೆಯುತ್ತದೆ. ಸೆಕೆಯೆಂದು ತಿಳಿದು ಬಲ್ಬು ಎತ್ತರಿಸಿದರೆ ಏನೂ ಗುಣವಿಲ್ಲ, ಮದ್ದೂ ಹೆಚ್ಚುಕಡಿಮೆ ಇಲ್ಲ. ಒದ್ದೆ ಹಾಸಿನ ಇನ್ನೊಂದು ಬಳುವಳಿ ರಕ್ತಭೇದಿ ತರುವ ಕಾಕ್ಸಿಡಿಯ ಎಂಬ ಕರುಳಿನ ಪರೋಪಜೀವಿ. ಇದಕ್ಕೆ ಔಷಧವಿದೆ, ಹಿಕ್ಕೆಯಲ್ಲಿ ರಕ್ತ ಕಂಡ ದಿನವೇ ಸತ್ತ ಮರಿಯೊಂದನ್ನು ಕವರಿನಲ್ಲಿ ಹಾಕಿ ಹತ್ತಿರದ ಪಶು ಆಸ್ಪತ್ರೆಗೋ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೋ ಒಯ್ದು ತೋರಿಸುವುದು ಮೇಲು. ಕೈಗೆ ಸಿಕ್ಕಿದ ಆಂಟಿಬಯಾಟಿಕ್ಕನ್ನು ಮರಿಯ ಗಂಟಲಿಗೆ ಸುರಿಯುವುದರಿಂದ ಬೂಸ್ಟಿನ ರೋಗವೂ ಹೋಗದು, ಕಾಕ್ಸಿಡಿಯವೂ ಹೋಗದು.

ಮಾಡಬೇಕಾದದ್ದು ಮೇ ತಿಂಗಳಲ್ಲಿ. ರೈಸ್‌ಮಿಲ್ಲಿನಿಂದ ಭತ್ತದ ಹೊಟ್ಟು ತಂದು, ಬಿಸಿಲಿಗೆ ಹರಡಿ ಒಣಗಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಕಟ್ಟಿ ಅಟ್ಟದಲ್ಲಿಟ್ಟುಕೊಳ್ಳಿ. ಮಳೆ ಹಿಡಿದ ಮೇಲೆ ತಂದ ಹೊಟ್ಟನ್ನು ಒಣಗಿಸುವುದು ಸುಳ್ಳು. ಮೊದಲ ನಾಲ್ಕು ದಿನ ಹೊಟ್ಟಿನ ಮೇಲೆ ಹಳೇ ಹತ್ತಿ ಬಟ್ಟೆ ಹಾಸಿ ದಿನಕ್ಕೊಮ್ಮೆ ಬದಲಿಸಿ. ಆ ಬಳಿಕ ಬಟ್ಟೆ ತೆಗೆದು, ಹೊಟ್ಟನ್ನು ದಿನಾ ಕೈಯಾಡಿಸಿ, ನೀರಿನ ಬಟ್ಟಲಿನ ಸುತ್ತ ಮುದ್ದೆಯಾದದ್ದನ್ನು ಅವತ್ತೇ ಹೊರಹಾಕಿ. ಹೊಟ್ಟನ್ನು ಮುಷ್ಟಿಯಲ್ಲಿ ಹಿಂಡಿ ಬಿಟ್ಟಾಗ ಉದುರಬೇಕು, ಉಂಡೆಯಾಗಿ ನಿಂತರೆ ಎಲ್ಲವನ್ನೂ ಬದಲಿಸಿ. ಪೆಟ್ಟಿಗೆಯನ್ನು ಸಿಮೆಂಟು ನೆಲದ ಮೇಲೆ ನೇರ ಇಡದೆ ಎರಡು ಹಲಗೆ ಕೊಟ್ಟು ಎತ್ತರಿಸಿ, ಮಳೆಗಾಲದಲ್ಲಿ ನೆಲವೂ ನೀರು ಬಿಡುತ್ತದೆ. ಚಳಿಯೆಂದು ಮೇಲೆಲ್ಲ ಗೋಣಿ ಮುಚ್ಚಿದರೆ ಮರಿಗಳ ಉಸಿರಿನ ಆವಿ, ಹಿಕ್ಕೆಯ ಅಮೋನಿಯ ಒಳಗೇ ಉಳಿಯುತ್ತದೆ. ಬಗ್ಗಿ ಮೂಸಿದಾಗ ಕಣ್ಣು ಉರಿದರೆ ಮರಿಗೂ ಉರಿಯುತ್ತಿರುತ್ತದೆ.

ನೀರಿನಲ್ಲಿ ಮುಳುಗಿ ಸಾಯುವ ಮರಿಗಳೂ ಮೊದಲ ವಾರದಲ್ಲಿ ಕಡಿಮೆಯಲ್ಲ. ಕೋಳಿಮರಿಯ ನೀರಿನ ಡಬ್ಬಿಯ ಕಂದಕವೇ ಇವಕ್ಕೆ ಕೆರೆ. ಅದರೊಳಗೆ ಗೋಲಿ ಅಥವಾ ತೊಳೆದ ಸಣ್ಣ ಕಲ್ಲು ತುಂಬಿ, ಕೊಕ್ಕು ಮಾತ್ರ ಹೋಗುವಷ್ಟು ಸಂದು ಬಿಡಿ. ಬ್ರೂಡರಿಗೆ ಬಿಡುವಾಗ ನಾಲ್ಕಾರು ಮರಿಗಳ ಕೊಕ್ಕನ್ನು ಒಮ್ಮೆ ನೀರಿಗೆ ತಾಗಿಸಿದರೆ ಉಳಿದವು ನೋಡಿ ಕಲಿಯುತ್ತವೆ.

ಆಹಾರದಲ್ಲಿ ಪ್ರೋಟೀನು ಶೇ 24ರಿಂದ 27 ಇರಬೇಕು. ಕ್ವೇಲ್ ಫೀಡೆಂದೇ ಸಿಗದಿದ್ದರೆ ಮಾಂಸದ ಕೋಳಿಮರಿಗೆ ಮೊದಲ ದಿನಗಳಲ್ಲಿ ಕೊಡುವ ಬ್ರಾಯ್ಲರ್ ಪ್ರಿ-ಸ್ಟಾರ್ಟರ್ ಹತ್ತಿರದ್ದು. ಮೊಟ್ಟೆಕೋಳಿಯ ಫೀಡು ಸಾಲದು, ಅದರಲ್ಲಿರುವ ಸುಣ್ಣದ ಅಂಶವೂ ಮರಿಗೆ ಹೆಚ್ಚು. ಮೊದಲ ವಾರ ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿ ರವೆಯಷ್ಟು ಸಣ್ಣ ಮಾಡಿ ತಟ್ಟೆಯಲ್ಲಿ ಹರಡಿ. ಐದು ವಾರಕ್ಕೆ ಒಂದು ಹಕ್ಕಿ ತಿನ್ನುವುದು ಸುಮಾರು ಅರ್ಧ ಕೆಜಿ, ಹಾಗಾಗಿ ಐವತ್ತು ಮರಿಗೆ 25 ಕೆಜಿ ಮೂಟೆಯೊಂದು ಸಾಕು. ಎರಡು ಮೂರು ಮೂಟೆ ತಂದು ಒಟ್ಟುವ ಆಸೆ ಮಳೆಗಾಲದಲ್ಲಿ ಬೇಡ. ಮೆಕ್ಕೆಜೋಳದ ಫೀಡು ತೇವ ಹೀರಿದರೆ ಅದರಲ್ಲಿ ಬೆಳೆಯುವ ಬೂಸ್ಟು ಅಫ್ಲಟಾಕ್ಸಿನ್ ವಿಷ ಬಿಡುತ್ತದೆ, ಕಣ್ಣಿಗೆ ಕಾಣುವ ಹೊತ್ತಿಗೆ ಯಕೃತ್ತು ಹಾಳಾಗಿರುತ್ತದೆ. ಗಂಟು ಕಟ್ಟಿದ ಫೀಡನ್ನು ಪುಡಿ ಮಾಡಿ ಹಾಕುವುದು ಉಳಿತಾಯವಲ್ಲ.

ಹತ್ತನೇ ದಿನಕ್ಕೆ ರೆಕ್ಕೆಗರಿ ಬಂದು ಹಾರಲು ಶುರು. ಬೆದರಿದಾಗ ಗೌಜಲಕ್ಕಿ ನೆಟ್ಟಗೆ ಮೇಲಕ್ಕೆ ಚಿಮ್ಮುತ್ತದೆ. ಮುಚ್ಚಳ ಎರಡಡಿ ಎತ್ತರದಲ್ಲಿ ಗಟ್ಟಿ ಹಲಗೆಯಾಗಿದ್ದರೆ ತಲೆ ಒಡೆದುಕೊಳ್ಳುತ್ತದೆ. ಮೇಲೆ ಮೆತ್ತನೆ ಬಲೆ ಕಟ್ಟಿ, ಬೆಳೆದ ಮೇಲಿನ ಗೂಡಿನ ಎತ್ತರ ಒಂದಡಿ ಮೀರದಿರಲಿ. ಬದಿಯ ಜಾಲರಿ ಕಾಲಿಂಚಿನದಾಗಿದ್ದರೆ ಇಲಿಮರಿಯೂ ನುಗ್ಗದು. ಇಲಿ ಬಂದಲ್ಲಿಗೆ ಅದರ ಹಿಂದೆಯೇ ಹಾವು ಬರುತ್ತದೆ, ತೋಟದ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೋಳಿಗೂಡಿನ ಪಕ್ಕದಲ್ಲೋ ಒಳಗೋ ಇವನ್ನು ಬಿಡಬೇಡಿ, ಕೋಳಿಗೆ ಹೆಚ್ಚು ಕಾಡದ ಸೋಂಕೂ ಇವಕ್ಕೆ ಪೆಟ್ಟು ಕೊಡಬಹುದು.

ಮೂರು ವಾರ ದಾಟಿದಾಗ ಎದೆಗರಿ ನೋಡಿ ಗಂಡು ಹೆಣ್ಣು ಬೇರ್ಪಡಿಸಬಹುದು. ಮಚ್ಚೆಯಿಲ್ಲದ ಇಟ್ಟಿಗೆ ಬಣ್ಣದ ಎದೆ ಗಂಡಿನದು, ತಿಳಿ ಬಣ್ಣದ ಮೇಲೆ ಕಪ್ಪು ಚುಕ್ಕೆ ಇರುವುದು ಹೆಣ್ಣಿನದು. ಪೂರ್ತಿ ಬಿಳಿಯ ಅಥವಾ ಕಪ್ಪು ಬಣ್ಣದ ತಳಿಗಳಲ್ಲಿ ಈ ಗುರುತು ಸಿಗುವುದಿಲ್ಲ, ಆರನೇ ವಾರ ಗುದದ ಮೇಲಿನ ಗ್ರಂಥಿಯನ್ನು ಒತ್ತಿ ನೊರೆ ಬರುತ್ತದೆಯೇ ನೋಡಬೇಕು. ನೊರೆ ಬಂದರೆ ಗಂಡು. ಗಂಡು ಹೆಚ್ಚಾಗಿ ಉಳಿದ ಗೂಡಿನಲ್ಲಿ ಹೆಣ್ಣುಗಳ ನೆತ್ತಿಯ ಗರಿ ಕಿತ್ತು ಗಾಯವಾಗುತ್ತದೆ, ಅವನ್ನು ಐದನೇ ವಾರಕ್ಕೇ ಬೇರೆ ಮಾಡಿ. ಆರೇಳು ವಾರಕ್ಕೆ ಮೊಟ್ಟೆ ಶುರುವಾಗುತ್ತದೆ. ಮಳೆಗಾಲದ ಮೋಡದ ಹಗಲಿಗೆ ಸಂಜೆ ಒಂದು ಸಣ್ಣ ಎಲ್‌ಇಡಿ ಸೇರಿಸಿ ದಿನಕ್ಕೆ 14ರಿಂದ 16 ಗಂಟೆ ಬೆಳಕು ಮಾಡಿಕೊಟ್ಟರೆ ಮಾತ್ರ ನಿಲ್ಲದೆ ಇಡುತ್ತವೆ. ಇವುಗಳಿಂದಲೇ ಮುಂದಿನ ಮರಿ ಮಾಡುವ ಇರಾದೆ ಇದ್ದರೆ ಗಂಡುಗಳನ್ನು ಇದೇ ಗುಂಪಿನಿಂದ ಆರಿಸದೆ ಬೇರೆ ಊರಿನ ಸಾಕಣೆಯಿಂದ ತನ್ನಿ, ತಂದವನ್ನು ಎರಡು ವಾರ ಬೇರೆ ಗೂಡಿನಲ್ಲಿಟ್ಟು ಆಮೇಲೆ ಕೂಡಿಸಿ.